ಬೀಗ ಹಾಕದ ಸೈಕಲ್ಲು

ಯಾವ ಊರು ಎಂದು ಬರೆಯುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ನನಗೆ ನೆಂಟರಿದ್ದಾರೆ. ಮೂರೂ ಕಡೆ ಒಂದಲ್ಲ ಒಂದು ವರ್ಷ ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳಿದ್ದೇನೆ. ಹೆದ್ದಾರಿ ಅಗಲ ಮಾಡುವಾಗ ಬಸ್ಸು ನಿಲ್ಲುವ ಜಾಗದ ಮರಗಳು ಮೂರೂ ಕಡೆ ಹೋದವು. ಹೆಸರು ಹೇಳಿದರೆ ಜಗಳ ಆ ಒಂದು ಊರಿನದ್ದಾಗಿಬಿಡುತ್ತದೆ, ಉಳಿದ ಎರಡು ಊರಿನವರು ಸಮಾಧಾನವಾಗಿ ಓದುತ್ತಾರೆ. ಅದು ನನಗೆ ಬೇಡ.

ಮೊದಲು ಒಂದು ಅಂಗಡಿಯ ರೂಢಿ ಹೇಳಬೇಕು. ಹೆದ್ದಾರಿಯಿಂದ ಒಳಗಿನ ಹಳ್ಳಿಗಳವರು ಬೆಳಿಗ್ಗೆ ಸೈಕಲ್ಲಿನಲ್ಲಿ ಪೇಟೆಗೆ ಬಂದು, ಬಸ್ ಸ್ಟಾಪಿನ ಎದುರಿನ ಕಿರಾಣಿ ಅಂಗಡಿಯ ತಗಡಿನ ಮಾಡಿನ ಕೆಳಗೆ ಸೈಕಲ್ಲು ನಿಲ್ಲಿಸಿ, ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಬಂದು ತೆಗೆದುಕೊಂಡು ಹೋಗುತ್ತಾರೆ. ಬಾಡಿಗೆ ಇಲ್ಲ, ಚೀಟಿ ಇಲ್ಲ. ಒಂದೇ ಕಟ್ಟಳೆ, ಬೀಗ ಹಾಕಬಾರದು. ಅಕ್ಕಿ ಸಕ್ಕರೆಯ ಲಾರಿ ಯಾವ ಹೊತ್ತಿಗೆ ಬರುತ್ತದೆಂದು ಅಂಗಡಿಯವರಿಗೇ ಗೊತ್ತಿರುವುದಿಲ್ಲ. ಬಂದಾಗ ಹಮಾಲರು ಸೈಕಲ್ಲುಗಳನ್ನು ಆಚೆ ಉರುಳಿಸಿ, ಮೂಟೆ ಇಳಿಸಿ, ಮತ್ತೆ ನೆರಳಿಗೆ ತಂದು ನಿಲ್ಲಿಸಬೇಕು. ಮಳೆ ಓರೆಯಾಗಿ ಹೊಡೆದರೆ ಅಂಚಿನಲ್ಲಿರುವವನ್ನು ಒಳಗೆ ಎಳೆಯಬೇಕು. ಅಲ್ಲಿ ಬೀಗ ಹಾಕುವುದೆಂದರೆ ಹಮಾಲರ ಬೆನ್ನಿಗೆ ಇನ್ನೊಂದು ಮೂಟೆ ಹೇರಿದ ಹಾಗೆ, ಅಂಗಡಿಯವನನ್ನು ಕಳ್ಳ ಅಂದ ಹಾಗೆ. ಹೊಸದಾಗಿ ವರ್ಗವಾಗಿ ಬಂದ ನೌಕರನೊಬ್ಬ ಗೊತ್ತಿಲ್ಲದೆ ಬೀಗ ಹಾಕಿ ಹೋಗಿದ್ದನಂತೆ. ಸಂಜೆ ಬಂದು ನೋಡಿದರೆ ಅವನ ಸೈಕಲ್ಲು ಅಕ್ಕಿ ಮೂಟೆಗಳ ರಾಶಿಯ ತುದಿಯಲ್ಲಿ ಕೂತಿತ್ತಂತೆ. ಇದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಎಷ್ಟೋ ವರ್ಷ ನಂಬಿದ್ದೆ, ತರಗತಿಯಲ್ಲಿ ಹೇಳಿ ಮಕ್ಕಳನ್ನು ನಗಿಸಿದ್ದೆ. ಈಗ ಬರೆಯುವಾಗ ಕೈ ತಾನಾಗಿ 'ಅಂತೆ' ಎಂದು ಸೇರಿಸಿತು. ಕಂಡಿರಲಿಕ್ಕಿಲ್ಲ, ಕೇಳಿದ್ದಿರಬೇಕು.

ನನ್ನ ಚಿಕ್ಕಮ್ಮನ ಸೈಕಲ್ಲೂ ಅಲ್ಲೇ ನಿಲ್ಲುತ್ತಿತ್ತು. ಅವಳ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಸಿಕ್ಕ ಸೈಕಲ್ಲು. ಮಗಳು ಓದು ಮುಗಿಸಿ, ಮದುವೆಯಾಗಿ ಹೋದಳು. ಸೈಕಲ್ಲು ಉಳಿಯಿತು. ಚಿಕ್ಕಪ್ಪ ಮೀನಿನ ಬೋಟಿನವನು, ಹೋದರೆ ವಾರಗಟ್ಟಲೆ ಇಲ್ಲ. ಐವತ್ತರ ಹತ್ತಿರ ಬಂದ ಮೇಲೆ ಚಿಕ್ಕಮ್ಮ ಮನೆ ಎದುರಿನ, ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಏರಿಯ ಮೇಲೆ, ಸೀರೆ ಎತ್ತಿ ಸಿಕ್ಕಿಸಿ, ಒಬ್ಬಳೇ ಸೈಕಲ್ಲು ಕಲಿತಳು. ಕಲಿಯುವಾಗ ಉಪ್ಪುನೀರಿಗೆ ಬಿದ್ದೆ ಎಂದು ಅವಳು ಹೇಳುತ್ತಾಳೆ. ಕೆಸರಿಗೆ ಬಿದ್ದಳು ಎಂದು ನನ್ನ ನೆನಪು. ಬುಟ್ಟಿಯ ತಳ ಉಪ್ಪುಗಾಳಿಗೆ ತುಕ್ಕು ಹಿಡಿದು ಉದುರಿದಾಗ ಚಿಕ್ಕಪ್ಪನ ಹರಿದ ನೀಲಿ ಬಲೆಯ ತುಂಡು ಕಟ್ಟಿಕೊಂಡಳು. ಚಕ್ರಕ್ಕೆ ಹೊಂದಿಕೊಂಡಿದ್ದ ಬೀಗವೂ ಅದೇ ತುಕ್ಕಿಗೆ ಯಾವಾಗಲೋ ಕಳಚಿ ಬಿತ್ತು. ಅದನ್ನು ಮತ್ತೆ ಹಾಕಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಅವಳ ಕೆಲಸ ಮುರ್ಡೇಶ್ವರದ ಒಂದು ಹೋಟೆಲಿನ ಅಡುಗೆಮನೆಯಲ್ಲಿ. ಬೆಳಗಿನ ತಿಂಡಿಗೆ ಕಾಯಿ ತುರಿಯುವುದು, ಚಟ್ನಿ ರುಬ್ಬುವುದು, ತರಕಾರಿ ಹೆಚ್ಚುವುದು. ಮೊದಲ ಬಸ್ಸಿಗೆ ಹೋಗಬೇಕು. ಅದು ತಪ್ಪಿದರೆ ಮುಂದಿನ ಬಸ್ಸು ಮುಟ್ಟುವಾಗ ಯಾತ್ರಿಕರು ಇಡ್ಲಿ ತಿಂದು ಕೈ ತೊಳೆದಿರುತ್ತಾರೆ. ಮನೆಯಿಂದ ಹೆದ್ದಾರಿಗೆ ನಡೆದು ಬರುವಷ್ಟು ಹತ್ತಿರವಿಲ್ಲ, ಅವಳ ಮೊಣಕಾಲೂ ಮೊದಲಿನ ಹಾಗಿಲ್ಲ. ಸೈಕಲ್ಲು ಇದ್ದರೆ ಕೆಲಸ ಇದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟೇ.

ಸೈಕಲ್ಲುಗಳನ್ನು ಒಯ್ದ ದಿನ ನಾನು ಅಲ್ಲಿರಲಿಲ್ಲ. ಅಂಗಡಿಯವನು, ಒಬ್ಬ ಹಮಾಲ, ಎದುರಿನ ಚಹಾದಂಗಡಿಯ ಹೆಂಗಸು, ಈ ಮೂವರಿಂದ ಕೇಳಿ ಜೋಡಿಸಿಕೊಂಡದ್ದನ್ನು ಹೇಳುತ್ತೇನೆ. ಬಿಸಿಲೇರಿದ ಮೇಲೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಅದರಿಂದ ಇಳಿದವರು, ಈ ಸೈಕಲ್ಲುಗಳನ್ನೆಲ್ಲ ತೆಗೀಬೇಕು ಅಂದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಹಮಾಲ ನನಗೆ ಹೇಳಿದ್ದು ಹೀಗೆ:

"ಗಟಾರದ ಕೆಲಸ ಅಂದ್ಕಂಡ್ವಿ ಅಕ್ಕೋರೆ. ತೆಗೀಬೇಕು ಅಂದ್ರು, ತೆಗೆದ್ವಿ. ಸೈಕಲ್ ಸರಿಸೋದು ದಿನಾ ನಮ್ಮ ಕೆಲಸವೇ ಅಲ್ದ?"

"ಟ್ರ್ಯಾಕ್ಟರಿಗೆ ಹತ್ತಿಸಿದ್ದು ಯಾರು?"

"ನಾವೇ. ಅವರಿಗೆ ಎತ್ತೂಕೆ ಬತ್ತಿರ್ಲಿಲ್ಲ. ಚೈನ್ ಕವರ್ ಹಿಡಿದು ಎತ್ತತಿದ್ರು. ಮುರಿದು ಹಾಕ್ತ್ರು ಅಂತ ನಾವೇ ಮೇಲೆ ಇಟ್ವಿ. ನಿಮ್ಮ ಚಿಕ್ಕಮ್ಮಂದು ಬಲೆ ಕಟ್ಟಿದ್ದಲ್ದ, ಅದು ಸಿಕ್ಕಿಕಂಡು ಹರಿದೀತು ಅಂತ ಎಲ್ಲಕ್ಕಿಂತ ಮೇಲೆ ಇಟ್ಟೆ."

ಅವನು ಇದನ್ನು ಒಂದು ಉಪಕಾರ ಮಾಡಿದವನ ಮುಖದಲ್ಲೇ ಹೇಳಿದ. ಉಪಕಾರವೇ ಅದು. ಒಬ್ಬರ ಸೈಕಲ್ಲು ಇನ್ನೊಬ್ಬರು ಜೋಪಾನವಾಗಿ ಎತ್ತಿಡುವುದು ಅಲ್ಲಿ ಎಷ್ಟು ಸಹಜವೆಂದರೆ, ಅವುಗಳನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ ಎಂದು ತಿಳಿಯುವ ಹೊತ್ತಿಗೆ ಟ್ರ್ಯಾಕ್ಟರ್ ತುಂಬಿತ್ತು. ಚಹಾದಂಗಡಿಯ ಹೆಂಗಸು ಆ ಕೆಲಸಗಾರರಿಗೆ ನೀರು ಕೊಟ್ಟಿದ್ದಳು. ಅಂಗಡಿಯವನು ತನ್ನ ಹಗ್ಗ ಕೊಟ್ಟಿದ್ದ, ಕಟ್ಟಿಕೊಳ್ಳಲಿ ಎಂದು. ಸುಟ್ಟುಕೊಳ್ಳುವ ಹಾಗೆ ಸಿಟ್ಟು ಬರುತ್ತದೆ ನನಗೆ ಇದನ್ನು ನೆನೆದರೆ. ಅವರ ಮೇಲಲ್ಲ.

ಅದೇ ಸಾಲಿನಲ್ಲಿ ಮೋಟಾರ್ ಬೈಕುಗಳಿದ್ದವು. ಚಿನ್ನದ ಅಂಗಡಿಯ ಎದುರು ಅರ್ಧ ರಸ್ತೆ ನುಂಗಿ ಕಾರುಗಳಿದ್ದವು. ನಾನು ಸ್ಕೂಟರನ್ನು ಕೀ ಸಮೇತ ಬಿಟ್ಟು ತರಕಾರಿ ಕೊಳ್ಳುವುದು ಅದೇ ಜಾಗದಲ್ಲಿ. ಅವನ್ನು ಯಾರೂ ವಾರಸುದಾರರಿಲ್ಲದ ವಸ್ತು ಅನ್ನುವುದಿಲ್ಲ. ಪೆಟ್ರೋಲು ಕುಡಿಯುವುದಕ್ಕೆಲ್ಲ ವಾರಸುದಾರ ಇದ್ದೇ ಇರುತ್ತಾನೆ ಎಂದು ಕಾಣುತ್ತದೆ.

ವಾರಸುದಾರರ ಮಾತು ಬಂದದ್ದು ಬೋರ್ಡಿನಿಂದ. ಸ್ಟಾಪಿನ ವಿದ್ಯುತ್ ಕಂಬಕ್ಕೆ ಒಂದು ತಗಡಿನ ಬೋರ್ಡು ಬಡಿದಿತ್ತು. 'ರಸ್ತೆ ಬದಿಯಲ್ಲಿ ಬೀಗವಿಲ್ಲದೆ ನಿಲ್ಲಿಸಿದ ಸೈಕಲ್ಲುಗಳನ್ನು ವಾರಸುದಾರರಿಲ್ಲದವೆಂದು ಭಾವಿಸಿ ತೆರವುಗೊಳಿಸಲಾಗುವುದು.' ಹಳೆಯ, ತುಕ್ಕು ಹಿಡಿದ, ಯಾರೋ ಬಿಟ್ಟುಹೋದ ಸೈಕಲ್ಲುಗಳು ಪೇಟೆಯ ಅಲ್ಲಲ್ಲಿ ಬಿದ್ದಿದ್ದವು ನಿಜ, ಅವುಗಳ ಬಗ್ಗೆ ದೂರು ಹೋಗಿತ್ತಂತೆ. ನಿಯಮ ಬರೆದವನು ಒಂದು ಸಲ ಆ ಮಾಡಿನ ಕೆಳಗೆ ನಿಂತಿದ್ದರೆ, ಬಿಟ್ಟುಹೋದ ಸೈಕಲ್ಲು ಯಾವುದು, ನಂಬಿ ಬಿಟ್ಟುಹೋದದ್ದು ಯಾವುದು ಎಂದು ಗೊತ್ತಾಗುತ್ತಿತ್ತು. ನಿಂತಿರಲಿಲ್ಲ. ಕಾರಿನಲ್ಲಿ ದಾಟಿ ಹೋಗುವವರಿಗೆ ಎರಡೂ ಒಂದೇ ಕಾಣುತ್ತದೆ.

ಸಂಜೆ ಚಿಕ್ಕಮ್ಮ ಫೋನ್ ಮಾಡಿದಳು. "ಸೈಕಲ್ ಇಲ್ಲ ಮಾರಾಯ್ತಿ. ಅಂಗಡಿ ಸಾವ್ಕಾರ ಎಂತೋ ಟ್ರ್ಯಾಕ್ಟರ್ ಕತೆ ಹೇಳ್ತ. ನೀನು ಬಾ ಒಂಚೂರು."

ನಾನು ಹೋಗುವಾಗ ಕಂಬದ ಸುತ್ತ ಜನ ಸೇರಿತ್ತು. ಅದೇ ಕಂಬಕ್ಕೆ ಕಟ್ಟಿದ್ದ ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸನ್ನು ಒಬ್ಬ ಮೇಲೆತ್ತಿ ಹಿಡಿದಿದ್ದ, ಇನ್ನೊಬ್ಬ ಕೆಳಗಿನ ಬೋರ್ಡನ್ನು ಗಟ್ಟಿಯಾಗಿ ಓದುತ್ತಿದ್ದ. ಬೋರ್ಡು ಇವತ್ತೇ ಬಂದದ್ದು ಎಂದು ಕೆಲವರು. ಹಬ್ಬಕ್ಕಿಂತ ಮೊದಲೇ ಇತ್ತು ಎಂದು ಒಬ್ಬ. ಅವನನ್ನು ಉಳಿದವರು ಬೈದರು. "ಇದ್ರೆ ನೀನು ನಿನ್ನ ಸೈಕಲ್ ಎಂತಕ್ಕೆ ಇಲ್ಲಿ ಇಟ್ಟಿದ್ಯ?" ಅಂದಳು ಚಿಕ್ಕಮ್ಮ. "ನಾ ಓದ್ಲಿಲ್ಲ," ಅಂದ ಅವನು. "ಓದ್ದೇ ಇದ್ದದ್ದು ಇತ್ತು ಅಂತ ಹ್ಯಾಂಗೆ ಗೊತ್ತು ನಿಂಗೆ?"

ಮರುದಿನ ಚಿಕ್ಕಮ್ಮ ಹೋಟೆಲಿಗೆ ರಜೆ ಹೇಳಿದಳು. ಇಬ್ಬರೂ ಬೋರ್ಡು ಹಾಕಿಸಿದ ಪಟ್ಟಣದ ಆಡಳಿತ ಕಚೇರಿಗೆ ಹೋದೆವು. ಅಧಿಕಾರಿ ನನಗಿಂತ ಚಿಕ್ಕವನು, ಸಭ್ಯ. ಕುರ್ಚಿ ತೋರಿಸಿದ್ದು ನನಗೆ ಮಾತ್ರ. ನಾನು ಕೂರಲಿಲ್ಲ, ಆಗ ಅವನಿಗೆ ನಾಚಿಕೆಯಾಗಿ ಇಬ್ಬರಿಗೂ ಕೂರಲು ಹೇಳಿದ ಎಂದು ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ನಿಜವಾಗಿ ನಾನು ಮೊದಲು ಕೂತು, ಚಿಕ್ಕಮ್ಮ ನಿಂತೇ ಇರುವುದನ್ನು ನೋಡಿ ಎದ್ದಿರಬೇಕು. ನನ್ನ ಡೈರಿ ನನ್ನ ಪರವಾಗಿ ಮಾತಾಡುವುದು ಹೆಚ್ಚು.

"ಕೊಡೋದಕ್ಕೆ ನಮಗೇನೂ ತೊಂದರೆ ಇಲ್ಲಮ್ಮ," ಅಂದ ಅಧಿಕಾರಿ. "ನಿಮ್ಮದೇ ಅಂತ ಗೊತ್ತಾಗ್ಬೇಕಲ್ಲ? ಬಿಲ್ ಇದೆಯಾ?"

"ಶಾಲೆಯಿಂದ ಕೊಟ್ಟ ಸೈಕಲ್ಲಿಗೆ ಬಿಲ್ ಎಲ್ಲಿಂದ ಬತ್ತು?"

"ಅದೇ ಕಷ್ಟ. ಶಾಲೆ ಸೈಕಲ್ಲುಗಳೆಲ್ಲ ಒಂದೇ ಥರ. ಹಾಗಾದ್ರೆ ಕೀ ತೋರಿಸಿ."

"ಎಂತ ಕೀ?"

"ಬೀಗದ ಕೀ. ಕೀ ತಂದು ತೋರಿಸಿದವರಿಗೆ ಕೊಡ್ತಾ ಇದ್ದೇವೆ. ಬೆಳಿಗ್ಗೆ ನಾಲ್ಕಾರು ಜನ ಒಯ್ದ್ರು."

ಅದು ನಿಜ. ಕೆಲವರ ಸೈಕಲ್ಲಿನಲ್ಲಿ ಬೀಗವಿತ್ತು, ರೂಢಿಯಂತೆ ಹಾಕಿರಲಿಲ್ಲ, ಅಷ್ಟೇ. ಅವರು ಮನೆಯಿಂದ ಕೀ ಹುಡುಕಿ ತಂದಿದ್ದರು. ಚಿಕ್ಕಮ್ಮ ಮೇಜಿನ ಮೇಲೆ ಕೈಯೂರಿದಳು.

"ಬೀಗ ಇಲ್ದ ಸೈಕಲ್ ಅಂತ ಹೊತ್ಕಂಡು ಬಂದವರು ನೀವು. ಈಗ ಬೀಗದ ಕೀ ಕೊಡು ಅಂತ ಕೇಳೂದೂ ನೀವೇ?"

ಪಕ್ಕದ ಮೇಜಿನವನು ನಕ್ಕ. ಅಧಿಕಾರಿ ನಗಲಿಲ್ಲ. ನಿಯಮ ಎಲ್ಲರಿಗೂ ಒಂದೇ, ಬೋರ್ಡು ಹಾಕಿ ಎಷ್ಟೋ ದಿನವಾಯಿತು ಅಂದ. ಇರಲೇ ಇಲ್ಲ ಅಂದಳು ಚಿಕ್ಕಮ್ಮ. ಇತ್ತು ಅಂದ. ಇರಲಿಲ್ಲ ಅಂದಳು. ಆಗ ಅವನು ನನ್ನ ಕಡೆ ತಿರುಗಿದ.

"ಮೇಡಂ, ನೀವು ಓದಿದವರು, ಕಾಲೇಜಿಗೆ ದಿನಾ ಆ ದಾರಿಯಲ್ಲೇ ಹೋಗ್ತೀರಿ. ನೀವೇ ಹೇಳಿ. ಮೊನ್ನೆ ತನಕ ಬೋರ್ಡು ಇರಲಿಲ್ಲ ಅಂತ ನೀವು ಹೇಳಿದ್ರೆ ನಾನು ಈಗಲೇ ಸೈಕಲ್ ಬಿಡಿಸಿ ಕೊಡ್ತೇನೆ."

ಅವನು ಒಳ್ಳೆಯ ಮನಸ್ಸಿನಿಂದಲೇ ದಾರಿ ತೆರೆದಿದ್ದನೋ, ನಾನು ಹಾಗೆ ಹೇಳಲಾರೆ ಎಂದು ಗೊತ್ತಿದ್ದೇ ಕೇಳಿದನೋ, ಇವತ್ತಿಗೂ ತಿಳಿಯದು. ನಾನು ಆ ಕಂಬವನ್ನು ಕಣ್ಣ ಮುಂದೆ ತಂದುಕೊಂಡೆ. ಫ್ಲೆಕ್ಸಿನಲ್ಲಿದ್ದ ದಪ್ಪ ಮೀಸೆಯ ಮುಖ ಕಂಡಿತು, ಬೆರಳುಗಳ ಉಂಗುರಗಳು ಕಂಡವು. ಅದರ ಅಡಿಯಲ್ಲಿ ತಗಡು ಇತ್ತೇ? ಇದ್ದ ಹಾಗೂ ಅನ್ನಿಸಿತು. ಆದರೆ ಹಿಂದಿನ ಸಂಜೆ ಜನ ಫ್ಲೆಕ್ಸ್ ಎತ್ತಿ ತೋರಿಸಿದ್ದನ್ನು ನೋಡಿ ಬಂದವಳು ನಾನು. ಆ ಚಿತ್ರವನ್ನೇ ಮನಸ್ಸು ಹಿಂದಿನ ದಿನಗಳಿಗೂ ಅಂಟಿಸುತ್ತಿರಬಹುದಲ್ಲವೇ? ಕಂಡದ್ದು, ಕೇಳಿದ್ದು, ಆಮೇಲೆ ಸೇರಿಸಿದ್ದು ಇವನ್ನು ಬೇರೆ ಬೇರೆ ಇಡಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳುವುದೇ ನನ್ನ ಕೆಲಸ.

"ನನಗೆ ನೆನಪಿಲ್ಲ," ಅಂದೆ.

"ನೋಡಿ," ಅಂದ ಅವನು ಚಿಕ್ಕಮ್ಮನಿಗೆ, ಪಾಪ ಅನ್ನುವ ಹಾಗೆ.

ಚಿಕ್ಕಮ್ಮ ನನಗಿಂತ ಮೊದಲು ಕಚೇರಿಯ ಮೆಟ್ಟಿಲು ಇಳಿದಳು. ಕೆಳಗೆ ಬಂದು ಚಪ್ಪಲಿ ಹಾಕಿಕೊಂಡು, "ನೀನು ಎಮ್ಮೆ ಮಾಡಿದ್ದು ನೆನಪಿಲ್ಲ ಅನ್ನೂಕನ?" ಅಂದಳು. ಎಂ.ಎ.ಯನ್ನು ಅವಳು ಬೇಕೆಂದೇ ಹಾಗೆ ಅನ್ನುತ್ತಾಳೆ. "ಅಂವ ಕೈಯಲ್ಲಿ ಇಟ್ಟು ಕೊಟ್ಟ. ಇರ್ಲಿಲ್ಲ ಅಂದಿದ್ರೆ ಆತಿತ್ತು. ಒಂದು ಮಾತು."

"ನನಗೆ ನಿಜವಾಗಿಯೂ ನೆನಪಿಲ್ಲ ಚಿಕ್ಕಮ್ಮ."

"ಅವನಿಗೆ ನೆನಪಿತ್ತ? ಅಂವ ಹೇಳ್ಲಿಲ್ವ ಇತ್ತು ಅಂತ? ಅವನ ಹೊಟ್ಟೆಪಾಡಿಗೆ ಅಂವ ಹೇಳ್ದ. ನನ್ನ ಹೊಟ್ಟೆಪಾಡಿಗೆ ಹೇಳೂಕೆ ನಿಂಗೆ ನೆನಪೇ ಬೇಕಾತು."

ಸತ್ಯ ಹೇಳಿದ್ದೇನೆ ಎಂಬ ಸಮಾಧಾನ ಒಂದು ಗಳಿಗೆಯೂ ಇರಲಿಲ್ಲ. ಒಬ್ಬ ಮನುಷ್ಯ ತನಗೆ ಗೊತ್ತಿಲ್ಲದ್ದನ್ನು ಮೇಜಿನ ಆಚೆ ಕೂತು ಖಂಡಿತವಾಗಿ ಹೇಳಬಹುದು, ಈಚೆ ನಿಂತವಳು ಮಾತ್ರ ತೂಗಿ ತೂಗಿ ಹೇಳಬೇಕು ಎಂಬುದು ಯಾವ ನ್ಯಾಯ? ಅವನೂ ಆ ಕಂಬ ನೋಡಿದವನಲ್ಲ. ಯಾರೋ ಹಾಕಿಸಿದ್ದೇವೆ ಅಂದಿದ್ದಾರೆ, ಅವನು ಹಾಕಿದೆ ಅಂದ. ನನ್ನ ಅನುಮಾನ ಅವನಿಗೆ ಸಾಕ್ಷಿಯಾಯಿತು.

ನಾನು ಮಾಡಿದ್ದು ಓದಿದವರು ಮಾಡುವ ಕೆಲಸ. ಒಂದು ಮನವಿ ಬರೆದೆ. ಆ ಅಂಗಡಿಯ ಪದ್ಧತಿ, ಅದರ ಹಿನ್ನೆಲೆ, ಬೀಗ ಹಾಕದಿರುವುದು ಅಲಕ್ಷ್ಯವಲ್ಲ ಸೌಜನ್ಯ ಎಂಬ ವಾದ. ಬರೆದು ಮುಗಿಸಿ ಓದಿದಾಗ ನನಗೇ ಹೆಮ್ಮೆಯಾಯಿತು. ಕಚೇರಿಯಲ್ಲಿ ಅದರ ಮೇಲೆ ಮುದ್ರೆ ಒತ್ತಿ, ಪರಿಶೀಲಿಸುತ್ತೇವೆ ಅಂದರು.

ಪರಿಶೀಲನೆ ಆಗುವ ತನಕ ಇಡ್ಲಿ ಕಾಯುವುದಿಲ್ಲ. ಒಂದೆರಡು ಬೆಳಿಗ್ಗೆ ನಾನು ಸ್ಕೂಟರಿನಲ್ಲಿ ಹೋಗಿ ಚಿಕ್ಕಮ್ಮನನ್ನು ಬಸ್ಸಿಗೆ ಬಿಟ್ಟೆ. ಹಿಂದೆ ಕೂರುವುದು ಅವಳಿಗೆ ಸುತರಾಂ ಇಷ್ಟವಿಲ್ಲ, ಬುಟ್ಟಿ ಮಡಿಲಲ್ಲಿಟ್ಟುಕೊಂಡು ಸಾಮಾನಿನ ಹಾಗೆ ಕೂರಬೇಕು ಎಂದು ಗೊಣಗುತ್ತಿದ್ದಳು. "ನೀನು ಎಷ್ಟು ದಿನ ಬತ್ತೆ?" ಅಂದಳು. ನಾನು ಬರುತ್ತೇನೆ ಅಂದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಸ್ಕೂಟರು ಏರಿಯ ಮಣ್ಣಿನಲ್ಲಿ ಹೂತು, ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೋದವಳಿಗೆ ಹೋಟೆಲಿನ ಮ್ಯಾನೇಜರು, "ಯಾತ್ರಿಕರು ನಿನ್ನ ಸೈಕಲ್ಲಿಗೆ ಕಾಯ್ತಾರ?" ಅಂದನಂತೆ. ಅವಳ ಮಣೆಯ ಮೇಲೆ ಬೇರೆ ಹೆಂಗಸೊಬ್ಬಳು ಕೂತು ಕಾಯಿ ತುರಿಯುತ್ತಿದ್ದಳು. ಚಿಕ್ಕಮ್ಮನಿಗೆ ಹಿಂದಿನ ಅಂಗಳದ ಪಾತ್ರೆ ತೊಳೆಯಲು ಹೇಳಿದರು. ಈ ವಾರ ಹೀಗೇ ಇರಲಿ, ಸೋಮವಾರ ಮೊದಲ ಬಸ್ಸಿಗೆ ಬಂದರೆ ಮಣೆ ನಿನ್ನದು, ಇಲ್ಲದಿದ್ದರೆ ಅವಳದ್ದು ಎಂದು ಮ್ಯಾನೇಜರು ಹೇಳಿ ಕಳಿಸಿದ.

ಇದನ್ನು ಅವಳು ನನಗೆ ಅಳುತ್ತ ಹೇಳಿದಳು ಎಂದು ಬರೆಯಬೇಕೆನಿಸುತ್ತದೆ. ಅಳಲಿಲ್ಲ. ಮೀನು ಕೊಯ್ಯುತ್ತ ಹೇಳಿದಳು, ಕತ್ತಿಯ ಪೆಟ್ಟು ಎಂದಿಗಿಂತ ಜೋರಾಗಿತ್ತು.

ಶನಿವಾರ ಬೆಳಿಗ್ಗೆ, "ಇವತ್ತು ಮತ್ತೆ ಆ ಕಚೇರಿಗೆ ಹೋಪ," ಅಂದಳು. ದಾರಿಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಎದುರು ನಿಲ್ಲಿಸು ಅಂದಳು. ಒಳಗೆ ಹೋಗಿ ಏನೋ ಕೊಂಡು ಚೀಲಕ್ಕೆ ಹಾಕಿಕೊಂಡಳು. ಏನು ಎಂದು ಕೇಳಿದೆ. "ನಿಂಗೆ ಗೊತ್ತಾಗೂದು ಬೇಡ. ಗೊತ್ತಾದ್ರೆ ನೆನಪಿರ್ತು ನಿಂಗೆ," ಅಂದಳು.

ಸೈಕಲ್ಲುಗಳನ್ನು ಕಚೇರಿಯ ಹಿಂದಿನ ಅಂಗಳದಲ್ಲಿ ಒಂದರ ಮೇಲೊಂದು ಒಗೆದಿದ್ದರು. ಪೆಡಲುಗಳು ಕಡ್ಡಿಗಳೊಳಗೆ ಸಿಕ್ಕಿಕೊಂಡಿದ್ದವು. ಬಿಸಿಲಿಗೆ ಟಯರುಗಳು ಸೊರಗಿದ್ದವು. ಹಮಾಲ ಅಷ್ಟು ಜೋಪಾನವಾಗಿ ಮೇಲಿಟ್ಟಿದ್ದ ಚಿಕ್ಕಮ್ಮನ ಸೈಕಲ್ಲು ಗೋಡೆಗೆ ಒರಗಿತ್ತು, ಬುಟ್ಟಿಯ ಬಲೆ ಒಂದು ಕಡೆ ಕಿತ್ತು ಜೋತುಬಿದ್ದಿತ್ತು. ವಾಚ್‌ಮನ್ ನೆರಳಿನಲ್ಲಿ ಕೂತು ಮೊಬೈಲು ನೋಡುತ್ತಿದ್ದ. "ಗಾಳಿ ಇದ್ಯ ನೋಡ್ತೆ," ಎಂದು ಅವನಿಗೆ ಹೇಳಿ ಚಿಕ್ಕಮ್ಮ ಹೋದಳು. ಟಯರು ಒತ್ತಿ ನೋಡಿದಳು, ಬಾಗಿದಳು, ಸೆರಗು ಸರಿ ಮಾಡಿಕೊಂಡಳು. ಕಟಕ್ ಎಂದು ಒಂದು ಸದ್ದು ನನಗೆ ಚೆನ್ನಾಗಿ ಕೇಳಿಸಿತು. ವಾಚ್‌ಮನ್‌ನಿಗೂ ಕೇಳಿಸಿರಬೇಕು, ಅವನು ತಲೆಯೆತ್ತಲಿಲ್ಲ.

ಮೇಲೆ ಹೋಗಿ ಅವಳು ಅಧಿಕಾರಿಯ ಮೇಜಿನ ಮೇಲೆ ಒಂದು ಹೊಸ ಕೀ ಇಟ್ಟಳು.

"ಎಂತ ಇದು?" ಅಂದ ಅವನೂ ನಮ್ಮ ಭಾಷೆಯಲ್ಲೇ, ಮೊದಲ ಸಲ.

"ಕೀ. ತೋರಿಸಿದವರಿಗೆ ಕೊಡ್ತ್ರು ಅಂದ್ರಲ್ದ?"

ಅವನು ಯಾರನ್ನೋ ಕರೆದು ನೋಡಿ ಬರಲು ಕಳಿಸಿದ. ಹೋದವನು ಬಂದು, ಸರಪಳಿ ಬೀಗ ಇದೆ ಸರ್, ಕೀ ಹತ್ತುತ್ತದೆ ಅಂದ.

"ಮೊನ್ನೆ ಈ ಬೀಗ ಇರಲಿಲ್ಲವಲ್ಲಮ್ಮ?"

"ಇತ್ತು."

"ಯಾವಾಗಿಂದ ಇತ್ತು?"

"ನಿಮ್ಮ ಬೋರ್ಡ್ ಯಾವಾಗಿಂದ ಇತ್ತೋ, ಆವಾಗಿಂದ."

ಯಾರೂ ನಗಲಿಲ್ಲ. ಪಕ್ಕದ ಮೇಜಿನವನೂ. ಅಧಿಕಾರಿಯ ಕಿವಿ ಕೆಂಪಾಯಿತು. ಅವನು ಅವಳನ್ನು ಬೈಯಬಹುದಿತ್ತು, ಅಟ್ಟಬಹುದಿತ್ತು. ಹಾಗೆ ಮಾಡದೆ ಮತ್ತೆ ನನ್ನ ಕಡೆಗೇ ತಿರುಗಿದ.

"ಮೇಡಂ, ಮೊನ್ನೆ ನೀವು ಸತ್ಯ ಹೇಳಿದ್ರಿ. ಇವತ್ತೂ ಹೇಳಿ. ಸೈಕಲ್ಲಿಗೆ ಬೀಗ ಇತ್ತಾ?"

ಬೀಗ ಇರಲಿಲ್ಲ. ಕಳಚಿ ಬಿದ್ದದ್ದು ನನಗೆ ಗೊತ್ತು, ಸದ್ದು ಆಗಷ್ಟೇ ಕೇಳಿದ್ದೇನೆ, ರಿಪೇರಿ ಅಂಗಡಿಯವನು ಚಿಲ್ಲರೆ ಎಣಿಸಿದ್ದೂ ಕಣ್ಣ ಮುಂದಿದೆ. ನನ್ನ ಬದುಕಿನಲ್ಲಿ ಇಷ್ಟು ಖಚಿತವಾಗಿ ಗೊತ್ತಿದ್ದ ಸಂಗತಿಗಳು ಕಡಿಮೆ.

"ನನಗೆ ನೆನಪಿಲ್ಲ," ಅಂದೆ.

ಅದೇ ಮಾತು, ಅದೇ ದನಿ. ಮೊನ್ನೆ ಅದು ನಿಜವಾಗಿದ್ದಾಗ ಕೆಲಸ ಕೆಡಿಸಿತ್ತು. ಈಗ ಸುಳ್ಳಾಗಿ ಕೆಲಸ ಮಾಡಿತು. ನನಗೆ ಪಶ್ಚಾತ್ತಾಪವಿಲ್ಲ, ಇದ್ದರೆ ಚೆನ್ನಾಗಿತ್ತು ಎಂದು ಕೂಡ ಅನ್ನಿಸುವುದಿಲ್ಲ. ಆದರೆ ಸಿಟ್ಟಿದೆ. ಒಂದು ಕೆಟ್ಟ ನಿಯಮ ಎಲ್ಲರನ್ನೂ ಸುಳ್ಳುಗಾರರನ್ನಾಗಿ ಮಾಡಿತು, ಆ ಅಧಿಕಾರಿಯನ್ನೂ ಸೇರಿಸಿ. ಅವನು ಕೀಯನ್ನು ಮೇಜಿನ ಈಚೆಗೆ ಸರಿಸಿದ. "ಒಯ್ಯಿರಿ," ಅಂದ. "ಇನ್ನು ಮೇಲೆ ಬೀಗ ಹಾಕಿ."

ಸೋಮವಾರ ಚಿಕ್ಕಮ್ಮ ಮೊದಲ ಬಸ್ಸು ಹಿಡಿದಳು. ಅದಕ್ಕೂ ಮೊದಲು ಮಾಡಿನ ಕೆಳಗೆ ಸೈಕಲ್ಲು ನಿಲ್ಲಿಸಿ ಬೀಗ ಹಾಕಿದಳು. ಉಳಿದವರೂ ಹಾಕಿದ್ದರು.

ಅವತ್ತೇ ಲಾರಿ ಬಂತು. ಸಂಜೆ ಅವಳು ಬಸ್ಸಿಳಿಯುವ ಹೊತ್ತಿಗೆ ನಾನು ಅಲ್ಲಿದ್ದೆ, ಮಣೆ ಸಿಕ್ಕಿತೋ ಎಂದು ಕೇಳಲು. ಸಿಕ್ಕಿತ್ತು. ಆದರೆ ಸೈಕಲ್ಲುಗಳೆಲ್ಲ ಮಾಡಿನ ಹೊರಗೆ ಗಟಾರದ ಬದಿಗೆ ಬಿದ್ದಿದ್ದವು. ಹಮಾಲರು ಹಿಂದಿನ ಚಕ್ರ ಎತ್ತಿ ದರದರ ಎಳೆದು ಹಾಕಿದ್ದರು. ಮತ್ತೆ ಒಳಗೆ ತಂದಿರಲಿಲ್ಲ. ಅಂಗಡಿಯವನು ಹೊರಗೆ ಬಂದ.

"ಅಕ್ಕ, ಬೀಗ ಹಾಕಿದ್ರೆ ಹ್ಯಾಂಗೆ? ನನ್ನ ಹುಡುಗ್ರ ಬೆನ್ನು ಮುರೀತು. ಹಾಕೂದಿದ್ರೆ ಕೀ ನನ್ನ ಹತ್ರ ಕೊಟ್ಟು ಹೋಗಿ."

"ಇಲ್ಲ ಸಾವ್ಕಾರ್ರೆ."

"ನಂಬಿಕೆ ಇಲ್ಯ ನನ್ನ ಮೇಲೆ? ಇಷ್ಟು ವರ್ಷ ಇತ್ತಲ?"

"ಇತ್ತು," ಅಂದಳು ಚಿಕ್ಕಮ್ಮ. "ಕೀ ನಿಮ್ಮ ಹತ್ರ ಇದ್ರೆ, ನಾಳೆ ಯಾರಾದ್ರೂ ಬಂದು ತೆಗೀಬೇಕು ಅಂದ್ರೆ ಬೀಗ ತೆಗ್ದು ಕೊಡ್ತ್ರಿ ನೀವು. ಹಗ್ಗವೂ ಕೊಡ್ತ್ರಿ."

ಅಂಗಡಿಯವನ ಮುಖ ಸಣ್ಣದಾಯಿತು. ತಾನು ಹಗ್ಗ ಕೊಟ್ಟಿಲ್ಲ, ಅವರೇ ಕಸಿದುಕೊಂಡದ್ದು ಅಂದ. ಆ ದಿನ ನನಗೆ ತಾನೇ ಹೇಳಿದ್ದು ಬೇರೆ. ನಾನು ಬಾಯಿ ಬಿಡಲಿಲ್ಲ. ಅವನು ಇದನ್ನು ಇನ್ನೂ ನಾಲ್ಕು ಸಲ ಹೇಳಿದರೆ ಹಾಗೆಯೇ ನಡೆದದ್ದು ಎಂದು ಅವನಿಗೇ ನೆನಪಾಗುತ್ತದೆ, ಆಮೇಲೆ ನನಗೂ ಆದೀತು. ಅದಕ್ಕಾಗಿಯೇ ಇವತ್ತು ಬರೆದಿಡುತ್ತಿದ್ದೇನೆ.

ಬೋರ್ಡು ಈಗಲೂ ಇದೆ. ಫ್ಲೆಕ್ಸ್ ಗಾಳಿಗೆ ಹರಿದುಹೋದ ಮೇಲೆ ಎಲ್ಲರಿಗೂ ಚೆನ್ನಾಗಿ ಕಾಣುತ್ತದೆ. ನನ್ನ ಮನವಿಗೆ ಉತ್ತರ ಬಂದಿಲ್ಲ. ಲಾರಿ ಬಂದ ದಿನ ಸೈಕಲ್ಲುಗಳು ಬಿಸಿಲಿನಲ್ಲೇ ಉಳಿಯುತ್ತವೆ, ಯಾರೂ ಯಾರದ್ದನ್ನೂ ನೆರಳಿಗೆ ತರುವುದಿಲ್ಲ, ಬೀಗವಿರುವಾಗ ತರಲು ಆಗುವುದೂ ಇಲ್ಲ. ಸಂಜೆ ಸೀಟು ಕೆಂಡದ ಹಾಗೆ ಕಾದಿರುತ್ತದೆ. ಚಿಕ್ಕಮ್ಮ ಚೀಲದಿಂದ ಹೋಟೆಲಿನ ಒದ್ದೆ ಬಟ್ಟೆಯೊಂದನ್ನು ತೆಗೆದು, ಅದರ ಮೇಲೆ ಹಾಸಿ, ಹತ್ತಿ ಕೂತು ಮನೆಗೆ ಹೋಗುತ್ತಾಳೆ.